‘ಅಂತೆ’ ಎಂಬ ಎರಡಕ್ಷರ

(ಸಂಘದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣದ ಪಠ್ಯ)



ಈ ಉಪನ್ಯಾಸಕ್ಕೆ ನನ್ನನ್ನು ಆಹ್ವಾನಿಸಿದ ಕಾರ್ಯದರ್ಶಿಗಳು ವಿಷಯವನ್ನು ನನ್ನ ಆಯ್ಕೆಗೇ ಬಿಟ್ಟಿದ್ದರು. ‘ಉಪಮೆ ಮತ್ತು ರೂಪಕ’ ಎಂದು ನಾನು ಹೇಳಿದಾಗ ಅವರು ಕ್ಷಣಕಾಲ ಮೌನವಾದರು. ಹೈಸ್ಕೂಲಿನ ಪರೀಕ್ಷೆಯಲ್ಲಿ ಸಣ್ಣ ಪ್ರಶ್ನೆಯಾಗಿ ಬಂದು ಹೋಗುವ ಈ ವಿಷಯವನ್ನು ಕೇಳಲು ಭಾನುವಾರ ಸಂಜೆ ಚೆನ್ನೈಯ ಬಿಸಿಲನ್ನೂ ಸಂಚಾರದ ದಟ್ಟಣೆಯನ್ನೂ ದಾಟಿ ಯಾರು ಬಂದಾರು ಎಂಬ ಶಂಕೆ ಅವರದಾಗಿದ್ದಿರಬೇಕು. ನೀವು ಇಷ್ಟು ಮಂದಿ ಬಂದಿದ್ದೀರಿ. ಅವರ ಪರವಾಗಿಯೂ ನನ್ನ ಪರವಾಗಿಯೂ ಕೃತಜ್ಞತೆಗಳು.

ನಾನು ಸಾಹಿತ್ಯದ ಅಧ್ಯಾಪಕನಲ್ಲ. ಮೈಸೂರಿನಲ್ಲಿ ಕನ್ನಡ ಎಂ.ಎ. ಮುಗಿಸಿ ಕೇಂದ್ರ ಸರ್ಕಾರದ ಸೇವೆಗೆ ಸೇರಿದವನು. ಅಂದಿನಿಂದ ಇಂದಿನವರೆಗೆ ಕಾವ್ಯಕ್ಕಿಂತ ಕಡತಗಳನ್ನೇ ಹೆಚ್ಚು ಓದಿದವನು. ಆದರೂ ಉಪಮೆಗೂ ರೂಪಕಕ್ಕೂ ಇರುವ ವ್ಯತ್ಯಾಸವು ಉತ್ತರಪತ್ರಿಕೆಯಲ್ಲಿ ಮುಗಿಯುವಂಥದಲ್ಲ, ಪರನಾಡಿನಲ್ಲಿ ಬಾಳುವ ನಮ್ಮಂಥವರ ಬದುಕನ್ನೇ ಮುಟ್ಟುವಂಥದು ಎಂಬುದು ನನಗೆ ಎರಡು ಸಂದರ್ಭಗಳಲ್ಲಿ ಮನವರಿಕೆಯಾಯಿತು. ಅವುಗಳನ್ನು ಮುಂದೆ ಹೇಳುತ್ತೇನೆ. ಮೊದಲು ಶಾಸ್ತ್ರವನ್ನು ಸ್ವಲ್ಪ ನೆನಪಿಸಿಕೊಳ್ಳೋಣ.

‘ಸೀತೆಯ ಮುಖ ಕಮಲದಂತೆ ಅರಳಿತು’. ನಾವೆಲ್ಲರೂ ಶಾಲೆಯಲ್ಲಿ ಉರು ಹೊಡೆದ ವಾಕ್ಯವಿದು. ಇಲ್ಲಿ ಮುಖ ಉಪಮೇಯ, ಕಮಲ ಉಪಮಾನ, ಅರಳುವುದು ಸಮಾನಧರ್ಮ, ‘ಅಂತೆ’ ಎಂಬುದು ವಾಚಕಪದ. ನಾಲ್ಕೂ ಇದ್ದರೆ ಪೂರ್ಣೋಪಮೆ, ಒಂದೆರಡು ಲೋಪವಾದರೆ ಲುಪ್ತೋಪಮೆ. ‘ಸೀತೆಯ ಮುಖಕಮಲ ಅರಳಿತು’ ಎಂದರೆ ರೂಪಕ; ಉಪಮಾನ ಉಪಮೇಯಗಳಿಗೆ ಅಭೇದವನ್ನು ಆರೋಪಿಸಿದ್ದಾಯಿತು. ಇಷ್ಟು ಬರೆದರೆ ಅಂಕಗಳು ದೊರೆಯುತ್ತಿದ್ದವು.

ಆದರೆ ‘ಅಂತೆ’ ಇದ್ದರೆ ಉಪಮೆ, ಇಲ್ಲದಿದ್ದರೆ ರೂಪಕ ಎಂಬ ಸೂತ್ರವನ್ನು ನಮ್ಮ ಆಲಂಕಾರಿಕರು ಒಪ್ಪುವುದಿಲ್ಲ. ಹಳಗನ್ನಡದ ‘ಅಡಿದಾವರೆ’ ಎಂಬ ಪದವನ್ನೇ ತೆಗೆದುಕೊಳ್ಳಿ. ‘ಗುರುವಿನ ಅಡಿದಾವರೆಗೆ ನಮಸ್ಕರಿಸಿದನು’ ಎಂದಾಗ ನಮಸ್ಕಾರ ಸಲ್ಲುವುದು ಪಾದಕ್ಕೇ ಹೊರತು ತಾವರೆಗಲ್ಲ. ಆದ್ದರಿಂದ ವಾಕ್ಯದ ಭಾರವೆಲ್ಲ ಪಾದದ ಮೇಲಿದೆ. ‘ತಾವರೆಯಂಥ ಅಡಿ’ ಎಂದು ಬಿಡಿಸಿಕೊಳ್ಳಬೇಕು. ‘ಅಂತೆ’ ಕಣ್ಣಿಗೆ ಕಾಣದಿದ್ದರೂ ಅದು ಉಪಮೆಯೇ. ‘ಗುರುವಿನ ಅಡಿದಾವರೆಯ ಸುತ್ತ ಶಿಷ್ಯದುಂಬಿಗಳು ಮುತ್ತಿದವು’ ಎಂದಾಗಲಾದರೋ ದುಂಬಿ ಮುತ್ತುವುದು ತಾವರೆಗೆ, ಭಾರ ಉಪಮಾನದ ಮೇಲೆ ಬಿದ್ದಿದೆ, ಅದು ರೂಪಕ. ಎಂದರೆ, ವಾಚಕಪದ ಇದೆಯೇ ಇಲ್ಲವೇ ಎಂದು ಹುಡುಕಿದರೆ ಸಾಲದು. ಆ ಪದವನ್ನು ಆಡಿದ ಮೇಲೆ ಮುಂದೆ ಏನು ನಡೆಯುತ್ತದೆ, ಕ್ರಿಯೆ ಯಾರಿಗೆ ಹೊಂದುತ್ತದೆ ಎಂಬುದನ್ನು ನೋಡಬೇಕು. ಈ ಪರೀಕ್ಷೆಯನ್ನು ದಯವಿಟ್ಟು ನೆನಪಿನಲ್ಲಿಡಿ. ಇಂದಿನ ನನ್ನ ಮಾತೆಲ್ಲ ಇದನ್ನೇ ಆಧರಿಸಿದೆ.

ಈ ಎರಡರಲ್ಲಿ ಯಾವುದು ಹಿರಿದು? ಭರತನ ನಾಟ್ಯಶಾಸ್ತ್ರದಲ್ಲಿ ಹೇಳಿರುವ ಅಲಂಕಾರಗಳು ನಾಲ್ಕೇ. ಅವುಗಳಲ್ಲಿ ಉಪಮೆಯೂ ಇದೆ, ರೂಪಕವೂ ಇದೆ. ಪಲ್ಲವರ ಕಾಲದ ದಂಡಿ ತನ್ನ ‘ಕಾವ್ಯಾದರ್ಶ’ದಲ್ಲಿ ಉಪಮೆಯನ್ನು ಮೂವತ್ತಕ್ಕೂ ಹೆಚ್ಚು ಬಗೆಯಾಗಿ ವಿಂಗಡಿಸಿ, ಭೇದವು ಮರೆಯಾದ ಉಪಮೆಯೇ ರೂಪಕ ಎಂಬರ್ಥದ ಲಕ್ಷಣವನ್ನು ಹೇಳಿದ. ಅವನ ಲೆಕ್ಕದಲ್ಲಿ ಉಪಮೆ ತಾಯಿ, ರೂಪಕ ಮಗಳು. ಗ್ರೀಸಿನ ಅರಿಸ್ಟಾಟಲ್ ಇದಕ್ಕೆ ವಿರುದ್ಧವಾಗಿ, ಉಪಮೆಯೂ ಒಂದು ರೂಪಕವೇ, ಒಂದು ಮಾತನ್ನು ಹೆಚ್ಚಾಗಿ ಸೇರಿಸಿಕೊಂಡ ರೂಪಕ ಎಂದ. ನಮ್ಮವನಿಗೆ ಭೇದದಿಂದ ಅಭೇದಕ್ಕೆ ನಡೆ. ಅವನಿಗೆ ಅಭೇದದಿಂದ ಭೇದಕ್ಕೆ. ತಮಿಳುನಾಡಿನವರೇ ಆದ, ಹದಿನಾರನೆಯ ಶತಮಾನದ ಅಪ್ಪಯ್ಯ ದೀಕ್ಷಿತರು ‘ಚಿತ್ರಮೀಮಾಂಸೆ’ಯಲ್ಲಿ, ಕಾವ್ಯದ ರಂಗದ ಮೇಲೆ ನಾನಾ ವೇಷ ಧರಿಸಿ ಕುಣಿಯುವ ನಟಿ ಉಪಮೆಯೊಬ್ಬಳೇ ಎಂದು ತೀರ್ಮಾನಿಸಿದರು. ಉಪಮೆಯನ್ನು ಹೊಗಳಲು ಅವರು ರೂಪಕವನ್ನು ಬಳಸಿದರೆಂಬುದು ಸ್ವಾರಸ್ಯದ ಸಂಗತಿ.

ಇನ್ನೊಂದು ಸಂಗತಿಯನ್ನು ಚೆನ್ನೈಯಲ್ಲಿ ನಿಂತು ಹೇಳುವುದು ಉಚಿತ. ಒಂಬತ್ತನೆಯ ಶತಮಾನದ ನಮ್ಮ ‘ಕವಿರಾಜಮಾರ್ಗ’ ಅಲಂಕಾರಗಳ ವಿಷಯದಲ್ಲಿ ಬಹುಮಟ್ಟಿಗೆ ದಂಡಿಗೆ ಋಣಿ. ತಮಿಳಿನ ‘ತಂಡಿಯಲಂಕಾರಂ’ ತನ್ನ ಹೆಸರಿನಲ್ಲೇ ಆ ಋಣವನ್ನು ಹೊತ್ತುಕೊಂಡಿದೆ. ಅದಕ್ಕೂ ಬಹು ಹಿಂದಿನ ‘ತೊಲ್ಕಾಪ್ಪಿಯಂ’ ಉಪಮೆಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದೆ. ನಮ್ಮ ಉಪಮೆ ರೂಪಕಗಳು ಅವರಲ್ಲಿ ಉವಮೈ, ಉರುವಗಂ. ಪಾಠ ಹೇಳಿದ ಗುರು ಇಬ್ಬರಿಗೂ ಒಬ್ಬನೇ.

ಕನ್ನಡದ ಓದುಗರು ಬಹಳ ಹಿಂದೆಯೇ ಇಬ್ಬರು ಮಹಾಕವಿಗಳಿಗೆ ಈ ಎರಡು ಅಲಂಕಾರಗಳನ್ನು ಹಂಚಿಕೊಟ್ಟಿದ್ದಾರೆ. ಜೈಮಿನಿ ಭಾರತದ ಲಕ್ಷ್ಮೀಶ ‘ಉಪಮಾಲೋಲ’. ಗದುಗಿನ ಕುಮಾರವ್ಯಾಸ ‘ರೂಪಕ ಸಾಮ್ರಾಜ್ಯ ಚಕ್ರವರ್ತಿ’. ಬಿರುದುಗಳ ಧ್ವನಿಯನ್ನು ಗಮನಿಸಿ. ಒಬ್ಬ ಲೋಲ, ಇನ್ನೊಬ್ಬ ಚಕ್ರವರ್ತಿ. ಉಪಮೆಯಲ್ಲಿ ಕವಿ ವಿಹರಿಸುತ್ತಾನೆ, ರೂಪಕದಲ್ಲಿ ಆಳುತ್ತಾನೆ ಎಂಬ ಎಣಿಕೆ ಅದರ ಹಿಂದೆ ಇದೆ. ರೂಪಕವೇ ಮೇಲು ಎಂಬ ಈ ಭಾವನೆಯನ್ನು ವಿದ್ಯಾರ್ಥಿದೆಸೆಯಲ್ಲಿ ನಾನೂ ಪ್ರಶ್ನಿಸದೆ ಒಪ್ಪಿದ್ದೆ.

ರೂಪಕಕ್ಕೆ ಅಂಥ ಶಕ್ತಿ ಉಂಟೆಂಬುದರಲ್ಲಿ ಸಂದೇಹವಿಲ್ಲ. ಹನ್ನೆರಡನೆಯ ಶತಮಾನದ ಬಸವಣ್ಣನವರು ಸಿರಿವಂತರು ಕಟ್ಟಿಸುವ ಗುಡಿಗೆ ಎದುರಾಗಿ ಬಡವನ ಒಡಲನ್ನೇ ಗುಡಿಯಾಗಿ ನಿಲ್ಲಿಸಿದ ವಚನ ಈ ಸಭೆಯಲ್ಲಿ ಎಲ್ಲರಿಗೂ ಗೊತ್ತು. ಅಲ್ಲಿ ಅವರು ‘ನನ್ನ ಒಡಲು ಗುಡಿಯಂತಿದೆ’ ಎಂದು ಮಾತ್ರ ಹೇಳಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಒಡಲು ಗುಡಿಯಂತೆ ಇದ್ದರೆ ಕಲ್ಲಿನ ಗುಡಿ ಅದರ ಪಾಡಿಗೆ ಅದು ಉಳಿಯುತ್ತದೆ, ಅದರ ಬಾಗಿಲೂ ಬೀಗವೂ ಕಾವಲುಗಾರನೂ ಉಳಿಯುತ್ತಾರೆ. ಒಡಲು ಗುಡಿಯೇ ಆಗಿಬಿಟ್ಟರೆ ಆ ಬೀಗಕ್ಕೆ ಕೆಲಸವಿಲ್ಲ. ‘ಅಂತೆ’ಯನ್ನು ಬಿಟ್ಟದ್ದು ಅಲ್ಲಿ ಸೊಗಸಿಗಾಗಿ ಅಲ್ಲ, ಅದೊಂದು ಸಾಮಾಜಿಕ ನಿಲುವು. ಆದರೆ ಒಂದು ಅಂಶವನ್ನು ಮರೆಯಬಾರದು. ಆ ರೂಪಕವನ್ನು ವಚನಕಾರರು ಆರೋಪಿಸಿಕೊಂಡದ್ದು ತಮ್ಮ ಮೇಲೆಯೇ. ಒಡಲನ್ನು ಗುಡಿಯೆಂದವನು ಅದನ್ನು ಗುಡಿಯಾಗಿ ನಡೆಸಿಕೊಳ್ಳಬೇಕು. ಶುಚಿಯಾಗಿಡಬೇಕು, ಅನ್ಯಾಯಕ್ಕೆ ಬಳಸಬಾರದು. ರೂಪಕದ ಬೆಲೆಯನ್ನು ಹೇಳಿದವನೇ ತೆತ್ತನು.

ನನ್ನ ವೃತ್ತಿಯಲ್ಲಿಯೂ ರೂಪಕಗಳುಂಟೆಂದರೆ ನೀವು ನಗಬಹುದು. ಕಾಯಿದೆಗಳಲ್ಲಿ ‘ಹೀಗೆಂದು ಭಾವಿಸತಕ್ಕದ್ದು’ ಎಂಬ ಮಾತು ಹೆಜ್ಜೆಹೆಜ್ಜೆಗೂ ಬರುತ್ತದೆ. ಅದು ಅಪ್ಪಟ ಆರೋಪ. ಕಂಪನಿಗೆ ಕೈಕಾಲುಗಳಿಲ್ಲ, ಆದರೂ ಅದು ಕಾನೂನಿನ ದೃಷ್ಟಿಯಲ್ಲಿ ವ್ಯಕ್ತಿ. ದೇವಾಲಯದ ಮೂರ್ತಿ ಆಸ್ತಿಯ ಒಡೆಯನಾಗಬಹುದು, ನ್ಯಾಯಾಲಯದಲ್ಲಿ ದಾವೆ ಹೂಡಬಹುದು. ‘ವ್ಯಕ್ತಿಯಂತೆ’ ಎಂದು ಬರೆದರೆ ವಕೀಲರು ಎಷ್ಟರ ಮಟ್ಟಿಗೆ ಎಂದು ವರ್ಷಗಟ್ಟಲೆ ವಾದಿಸಿಯಾರು. ಆದ್ದರಿಂದ ಕಾನೂನು ರೂಪಕವನ್ನೇ ಹಿಡಿಯುತ್ತದೆ. ಆದರೆ ಹಿಡಿಯುವಾಗ ಬಹುಮಟ್ಟಿಗೆ ಒಂದು ಬೇಲಿಯನ್ನೂ ಹಾಕುತ್ತದೆ: ‘ಈ ಅಧಿನಿಯಮದ ಉದ್ದೇಶಗಳಿಗಾಗಿ’. ಕಂಪನಿ ವ್ಯಕ್ತಿಯೇ, ಆದರೆ ಅದಕ್ಕೆ ಮತದಾನದ ಹಕ್ಕಿಲ್ಲ, ಮದುವೆಯಾಗುವಂತಿಲ್ಲ. ರೂಪಕ ಎಲ್ಲಿಯವರೆಗೆ ಸಲ್ಲುತ್ತದೆ, ಎಲ್ಲಿಂದ ಮುಂದೆ ಸಲ್ಲದು ಎಂಬುದು ಗೊತ್ತಿದೆ.

ಬೇಲಿ ಸಡಿಲವಾದರೆ ಏನಾಗುತ್ತದೆ ಎಂಬುದಕ್ಕೆ 2017ರ ಒಂದು ನಿದರ್ಶನವಿದೆ. ಆ ವರ್ಷದ ಮಾರ್ಚಿಯಲ್ಲಿ ಉತ್ತರಾಖಂಡದ ಉಚ್ಚ ನ್ಯಾಯಾಲಯವು ಗಂಗಾ ಯಮುನಾ ನದಿಗಳಿಗೆ ಜೀವಂತ ವ್ಯಕ್ತಿಗಳ ಸ್ಥಾನವಿದೆಯೆಂದು ತೀರ್ಪಿತ್ತಿತು. ನದಿಗಳನ್ನು ಮಾಲಿನ್ಯದಿಂದ ಕಾಪಾಡಬೇಕೆಂಬ ಸದುದ್ದೇಶವೇ ಅದರ ಹಿಂದೆ ಇತ್ತು. ಆದರೆ ರಾಜ್ಯ ಸರ್ಕಾರ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕು ಎತ್ತಿದ ಪ್ರಶ್ನೆಗಳಲ್ಲಿ ಒಂದು ಹೀಗಿತ್ತು: ಪ್ರವಾಹ ಬಂದು ಜನರಿಗೆ ಹಾನಿಯಾದರೆ ಹೊಣೆ ಯಾರದು? ಜುಲೈಯಲ್ಲಿ ಆ ತೀರ್ಪಿಗೆ ತಡೆಯಾಜ್ಞೆ ಬಂದಿತು. ನದಿ ವ್ಯಕ್ತಿಯೆಂದಾದರೆ ಹಕ್ಕುಗಳಷ್ಟೇ ಅಲ್ಲ, ಹೊಣೆಗಳೂ ಹಿಂಬಾಲಿಸುತ್ತವೆ. ರೂಪಕವನ್ನು ಅರ್ಧ ಮಾತ್ರ ಒಪ್ಪಿಕೊಳ್ಳಲು ಬರುವುದಿಲ್ಲ.

ನದಿಯ ಮಾತು ಬಂದಿತು. ಇನ್ನು ಕಾವೇರಿಯನ್ನು ದಾಟದೆ ಮುಂದೆ ಹೋಗುವಂತಿಲ್ಲ.

ನಾವು ಕಾವೇರಿಯನ್ನು ತಾಯಿಯೆನ್ನುತ್ತೇವೆ. ತುಲಾ ಸಂಕ್ರಮಣದಂದು ತಲಕಾವೇರಿಯಲ್ಲಿ ತೀರ್ಥೋದ್ಭವವಾಗುತ್ತದೆ. ಕನ್ನಂಬಾಡಿ ಅಣೆಕಟ್ಟು ತುಂಬಿದಾಗ ನಾಡಿನ ಮುಖ್ಯಮಂತ್ರಿ ಬಾಗಿನ ಅರ್ಪಿಸುತ್ತಾರೆ. ಈ ನಾಡಿನವರೂ ಅವಳನ್ನು ತಾಯಿಯೆಂದೇ ಕರೆಯುತ್ತಾರೆ. ಆಡಿ ತಿಂಗಳ ಹದಿನೆಂಟರಂದು ತುಂಬಿ ಬರುವ ಹೊಳೆಯನ್ನು ಬಸುರಿಯೆಂದು ಭಾವಿಸಿ, ಬಗೆಬಗೆಯ ಚಿತ್ರಾನ್ನಗಳನ್ನು ಮಾಡಿಕೊಂಡು ಹೆಂಗಸರು ದಡಕ್ಕೆ ಹೋಗುತ್ತಾರೆ. ಆ ಹೊತ್ತಿಗೆ ಹೊಳೆ ತುಂಬುವುದು ಕೊಡಗಿನಲ್ಲಿ ಸುರಿಯುವ ಮುಂಗಾರಿನಿಂದ. ಮೇಲಿನವರು ಬಾಗಿನ ಕೊಟ್ಟವಳಿಗೇ ಕೆಳಗಿನವರು ಸೀಮಂತ ಮಾಡುತ್ತಾರೆ.

1991ರ ಡಿಸೆಂಬರಿನಲ್ಲಿ ನಾನು ಮೈಸೂರಿನಲ್ಲಿ ಎಂ.ಎ. ವಿದ್ಯಾರ್ಥಿ. ಆ ವರ್ಷ ಜೂನ್ 25ರಂದು ಕಾವೇರಿ ನ್ಯಾಯಾಧಿಕರಣ ಮಧ್ಯಂತರ ಆದೇಶ ನೀಡಿತ್ತು. ಡಿಸೆಂಬರಿನಲ್ಲಿ ಅದು ಕೇಂದ್ರದ ರಾಜಪತ್ರದಲ್ಲಿ ಪ್ರಕಟವಾದಾಗ ಬೆಂಗಳೂರಿನಲ್ಲಿ ಹಿಂಸೆ ಭುಗಿಲೆದ್ದಿತು. ನಮ್ಮಲ್ಲಿಯೂ ಮೆರವಣಿಗೆ ಹೊರಟಿತು. ‘ಕಾವೇರಿ ನಮ್ಮ ತಾಯಿ’ ಎಂದು ಕೂಗಿದ ಕಂಠಗಳಲ್ಲಿ ನನ್ನದೂ ಒಂದು. ಹಾಸ್ಟೆಲಿನಲ್ಲಿ ನನ್ನ ಕೊಠಡಿಯ ಗೆಳೆಯ ಕೊಳ್ಳೇಗಾಲದ ಕಡೆಯವನು, ಮನೆಮಾತು ತಮಿಳು. ಅಂದು ಸಂಜೆ ಅವನು ಎಸ್.ಟಿ.ಡಿ. ಬೂತಿನಿಂದ ಮನೆಗೆ ಫೋನು ಮಾಡಲು ಹೋದಾಗ ನಾನೂ ಜೊತೆಗಿದ್ದೆ. ಬೂತಿನ ಹೊರಗೆ ನಾಲ್ಕಾರು ಜನ ಸಾಲಿನಲ್ಲಿ ನಿಂತಿದ್ದರು. ಅವನು ತನ್ನ ತಾಯಿಯೊಡನೆ ಕನ್ನಡದಲ್ಲಿ ಮಾತನಾಡಿದ. ಅವರಿಬ್ಬರೂ ಕನ್ನಡದಲ್ಲಿ ಮಾತನಾಡಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ನಾನು ಬೆಳಿಗ್ಗೆ ನದಿಯೊಂದನ್ನು ತಾಯಿಯೆಂದು ಕೂಗಿದ್ದರ ಫಲವಾಗಿ ಅವನು ಸಂಜೆ ಹೆತ್ತ ತಾಯಿಯೊಡನೆ ತಾಯಿಯ ಭಾಷೆಯನ್ನಾಡಲು ಹೆದರಿದ್ದ. ಇದು ನಾನು ಹೇಳುತ್ತೇನೆಂದ ಮೊದಲನೆಯ ಸಂದರ್ಭ. ಅವನ ಕ್ಷಮೆಯನ್ನು ನಾನು ಅಂದು ಕೇಳಲಿಲ್ಲ; ಕೇಳಬೇಕೆಂದು ತೋರುವ ಹೊತ್ತಿಗೆ ಅವನ ವಿಳಾಸ ನನ್ನಲ್ಲಿರಲಿಲ್ಲ.

ಶಾಸ್ತ್ರ ಇದಕ್ಕೆ ಏನು ಹೇಳುತ್ತದೆ? ಉಪಮೆಯಿಂದ ಮೇಲಕ್ಕೆ ಒಂದು ಏಣಿಯಿದೆ. ‘ಏನೋ ಎಂಬಂತೆ’ ಎಂದು ಸಂಭಾವಿಸಿದರೆ ಉತ್ಪ್ರೇಕ್ಷೆ. ನಾವು ಇಂದು ಆ ಪದವನ್ನು ಬರಿಯ ಅತಿಮಾತಿಗೆ ಬಳಸಿ ಕೆಡಿಸಿಕೊಂಡಿದ್ದೇವೆ. ಅದರ ಮೇಲೆ ರೂಪಕ. ಅದಕ್ಕೂ ಮೇಲಿನ ಮೆಟ್ಟಿಲು ಅತಿಶಯೋಕ್ತಿ. ಅಲ್ಲಿ ಉಪಮಾನವು ಉಪಮೇಯವನ್ನು ನುಂಗಿಬಿಡುತ್ತದೆ. ‘ಮುಖಕಮಲ’ ಎಂಬಲ್ಲಿ ಮುಖ ಇನ್ನೂ ಹೆಸರಿಗಾದರೂ ಇದೆ. ಅತಿಶಯೋಕ್ತಿಯಲ್ಲಿ ಕಮಲವೊಂದೇ ಉಳಿಯುತ್ತದೆ, ಮುಖದ ಸುದ್ದಿಯೇ ಇಲ್ಲ. ಕಾವ್ಯದಲ್ಲಿ ಇದು ಚಮತ್ಕಾರ. ಬೀದಿಯಲ್ಲಿ ಇದು ಅನಾಹುತ. ಮೆರವಣಿಗೆಯಲ್ಲಿ ‘ತಾಯಿ’ ಎಂಬ ಉಪಮಾನವು ‘ನದಿ’ ಎಂಬ ಉಪಮೇಯವನ್ನು ನುಂಗಿಹಾಕಿತ್ತು. ಮರಳು ಬಗೆದ ಪಾತ್ರ, ಊರುಗಳ ಕೊಳಚೆ, ಕಡಿದ ಕಾಡು, ಮಂಡ್ಯದ ಕಬ್ಬು, ತಂಜಾವೂರಿನ ಭತ್ತ, ಎರಡೂ ಕಡೆಯ ಸಾಲಗಾರ ರೈತ ಯಾರೂ ನಮ್ಮ ಕಣ್ಣಿಗೆ ಬೀಳಲಿಲ್ಲ. ತಾಯಿಯನ್ನು ಯಾರೋ ಅಪಹರಿಸುತ್ತಿದ್ದಾರೆ ಎಂಬುದಷ್ಟೇ ಕಂಡಿತು.

ನದಿ ತಾಯಿ‘ಯಂತೆ’ ಎಂದು ತಿಳಿದವರು ಕುಳಿತು ಲೆಕ್ಕ ಹಾಕಬಲ್ಲರು. 2007ರ ಫೆಬ್ರವರಿ 5ರಂದು ನ್ಯಾಯಾಧಿಕರಣ ಒಟ್ಟು 740 ಟಿ.ಎಂ.ಸಿ. ಅಡಿ ನೀರನ್ನು ಲೆಕ್ಕಕ್ಕೆ ಹಿಡಿದು ಹಂಚಿತು. 2018ರ ಫೆಬ್ರವರಿ 16ರಂದು ಸರ್ವೋಚ್ಚ ನ್ಯಾಯಾಲಯ ಅದನ್ನು ತಿದ್ದಿ ತಮಿಳುನಾಡಿಗೆ 404.25, ಕರ್ನಾಟಕಕ್ಕೆ 284.75, ಕೇರಳಕ್ಕೆ 30, ಪುದುಚೇರಿಗೆ 7 ಟಿ.ಎಂ.ಸಿ. ಎಂದು ನಿಗದಿ ಮಾಡಿತು. ಕರ್ನಾಟಕಕ್ಕೆ ಹೆಚ್ಚಾಗಿ ದೊರೆತ 14.75ರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗಾಗಿ. ಈ ಅಂಕಿಗಳಲ್ಲಿ ನಮಗೆ ಅಸಮಾಧಾನವಿರಬಹುದು, ಅವರಿಗೂ ಇರಬಹುದು. ಆದರೆ ಅಂಕಿಗಳ ಮೇಲೆ ವಾದ ಹೂಡಬಹುದು, ಮಳೆ ಕಡಮೆಯಾದ ವರ್ಷ ಸಂಕಟವನ್ನು ಹೇಗೆ ಹಂಚಿಕೊಳ್ಳಬೇಕೆಂದು ಕೇಳಬಹುದು. ತಾಯಿಯನ್ನು ಟಿ.ಎಂ.ಸಿ. ಲೆಕ್ಕದಲ್ಲಿ ಹಂಚಲು ಯಾವ ಮಗನೂ ಒಪ್ಪುವುದಿಲ್ಲ. ಹಾಗಲ್ಲ, ರೂಪಕವೇ ಬೇಕೆನ್ನುವುದಾದರೆ ಆಗಲಿ, ಪೂರ್ತಿಯಾಗಿ ಬರಲಿ. ಅವಳು ನಮಗೂ ತಾಯಿ, ಅವರಿಗೂ ತಾಯಿ ಎಂದ ಮೇಲೆ ನಾವು ಅವರಿಗೆ ಏನಾಗಬೇಕು? ನಾನು ಅಂದು ಕೂಗಿದ ರೂಪಕದಲ್ಲಿ ತಾಯಿಯಿದ್ದಳು, ಒಡಹುಟ್ಟಿದವರಿರಲಿಲ್ಲ. ಅದರ ಬೆಲೆ ತೆತ್ತವನೂ ನಾನಲ್ಲ. ನನ್ನ ಕೊಠಡಿಯ ಗೆಳೆಯ.

ಈ ನಾಡಿನಲ್ಲಿ ತಾಯಿಯ ರೂಪಕ ಭಾಷೆಗೂ ಇದೆ. 2021ರ ಡಿಸೆಂಬರಿನಲ್ಲಿ ನಾಡಗೀತೆಯೆಂದು ಘೋಷಿತವಾದ ‘ತಮಿಳ್ ತಾಯ್ ವಾಳ್ತ್ತು’ 1891ರಲ್ಲಿ ಪ್ರಕಟವಾದ ಸುಂದರಂ ಪಿಳ್ಳೈ ಅವರ ‘ಮನೋನ್ಮಣೀಯಂ’ ನಾಟಕದಿಂದ ಬಂದದ್ದು. ಮೂಲದಲ್ಲಿ ಕನ್ನಡ, ತೆಲುಗು, ಮಲಯಾಳ, ತುಳುಗಳು ತಮಿಳಿನ ಒಡಲಿನಿಂದ ಹುಟ್ಟಿದವೆಂಬ ಮಾತು ಉಂಟು. ಸರ್ಕಾರಿ ಸಮಾರಂಭಗಳಲ್ಲಿ ಹಾಡುವ ಪಾಠದಲ್ಲಿ ಆ ಸಾಲುಗಳಿಲ್ಲ. ರೂಪಕದ ಯಾವ ಕೊಂಬೆ ನೆರೆಮನೆಗೆ ಚುಚ್ಚುತ್ತದೆ ಎಂದು ನೋಡಿ ಕತ್ತರಿಸಿದ ಆ ಕೈಯ ವಿವೇಕವನ್ನು ನಾವು ಮೆಚ್ಚಬೇಕು.

ಆದರೂ 2025ರ ಮೇ ತಿಂಗಳಲ್ಲಿ ತಮಿಳಿನ ಹೆಸರಾಂತ ನಟರೊಬ್ಬರು ಕನ್ನಡ ತಮಿಳಿನಿಂದ ಹುಟ್ಟಿತೆಂದಾಗ ಎಷ್ಟು ಗದ್ದಲವಾಯಿತೆಂಬುದನ್ನು ನೀವು ಬಲ್ಲಿರಿ. ದ್ರಾವಿಡ ಭಾಷೆಗಳಿಗೆ ಸಂಸ್ಕೃತಕ್ಕಿಂತ ಬೇರೆಯಾದ ಮೂಲವುಂಟೆಂದು 1816ರಲ್ಲಿ ಎಫ್. ಡಬ್ಲ್ಯು. ಎಲ್ಲಿಸ್ ಸಾಧಿಸಿ ತೋರಿಸಿದ್ದು ಇದೇ ಮದರಾಸಿನಲ್ಲಿ. ಕಾಲ್ಡ್‌ವೆಲ್‌ನ ವ್ಯಾಕರಣ 1856ರದು. ಭಾಷಾಶಾಸ್ತ್ರಜ್ಞರ ಮತದಂತೆ ಕನ್ನಡ ತಮಿಳುಗಳೆರಡೂ ಹಿಂದಿನ ಒಂದು ಸಾಮಾನ್ಯ ಮೂಲದಿಂದ ಕವಲೊಡೆದವು. ಆದ್ದರಿಂದ ಅವನ್ನು ಸೋದರಿಯರು ಎನ್ನುತ್ತಾರೆ. ‘ಭಾಷಾಕುಟುಂಬ’ ಎಂಬುದೂ ರೂಪಕವೇ. ಮಗುವನ್ನು ಹೆತ್ತ ಮೇಲೆಯೂ ತಾಯಿ ಬೇರೆಯಾಗಿ ಬದುಕಿರುತ್ತಾಳೆ. ಭಾಷೆಗಳಲ್ಲಿ ಹಾಗಲ್ಲ, ಮೂಲಭಾಷೆಯೇ ನಿಧಾನವಾಗಿ ಒಂದು ಸೀಮೆಯಲ್ಲಿ ಒಂದಾಗಿ, ಮತ್ತೊಂದರಲ್ಲಿ ಮತ್ತೊಂದಾಗಿ ಮಾರ್ಪಟ್ಟಿತು. ಹೆರಿಗೆಯ ದಿನವಿಲ್ಲ, ಹಿರಿತನದ ಪಟ್ಟವಿಲ್ಲ. ಆಡಿದವರೂ ರೊಚ್ಚಿಗೆದ್ದವರೂ ಇದು ರೂಪಕವೆಂಬುದನ್ನು ಮರೆತಿದ್ದರು.

ಇನ್ನು ಎರಡನೆಯ ಸಂದರ್ಭ. 2016ರ ಸೆಪ್ಟೆಂಬರ್ 12. ನಾನು ಚೆನ್ನೈಗೆ ವರ್ಗವಾಗಿ ಬಂದು ಎರಡು ವರ್ಷವಾಗಿತ್ತು. ಪಶ್ಚಿಮ ಮಾಂಬಲದಲ್ಲಿ ಬಾಡಿಗೆಮನೆ. ಬೆಳಿಗ್ಗೆ ನಗರದಲ್ಲಿ ಕನ್ನಡಿಗರ ಹೋಟೆಲೊಂದರ ಮೇಲೆ ದಾಳಿ ನಡೆದ ಸುದ್ದಿ ಬಂದಿತು. ಮಧ್ಯಾಹ್ನದ ಹೊತ್ತಿಗೆ ಬೆಂಗಳೂರಿನಲ್ಲಿ ಬಸ್ಸುಗಳು ಉರಿಯುವುದನ್ನು ಟಿ.ವಿ. ತೋರಿಸುತ್ತಿತ್ತು. ಸಂಜೆ ಮಹಡಿಯ ಮೇಲಿನಿಂದ ಮನೆಯೊಡತಿ ಇಳಿದು ಬಂದರು. ಎಪ್ಪತ್ತು ದಾಟಿದವರು; ನಾವು ಅವರನ್ನು ಮಾಮಿ ಎನ್ನುತ್ತಿದ್ದೆವು. ನನ್ನ ಹೆಂಡತಿಯ ಕೈಗೆ ಮೇಲಿನ ಮನೆಯ ಇನ್ನೊಂದು ಬೀಗದಕೈ ಕೊಟ್ಟು, ರಾತ್ರಿ ಏನಾದರೂ ಸದ್ದಾದರೆ ಮಕ್ಕಳನ್ನು ಕರೆದುಕೊಂಡು ಮೇಲೆ ಬಂದುಬಿಡಬೇಕೆಂದರು. ನಾನು ಏನೋ ಸಂಕೋಚದ ಮಾತಾಡಿದೆ. ಅವರು ‘ನೀ ಎನ್ ಪಿಳ್ಳೈ ಮಾದಿರಿ’ ಎಂದರು. ನೀನು ನನ್ನ ಮಗನ ಹಾಗೆ.

ಆಮೇಲೆ ಸ್ವಲ್ಪ ತಡೆದು, ತಮ್ಮ ಮಗ ಬೆಂಗಳೂರಿನಲ್ಲಿ ಫೋನು ಎತ್ತುತ್ತಿಲ್ಲವೆಂದರು. ನಾನು ವಿಜಯನಗರದಲ್ಲಿರುವ ನನ್ನ ಅಕ್ಕನಿಗೆ ಫೋನು ಮಾಡಿದೆ. ಭಾವ ಸ್ಕೂಟರಿನಲ್ಲಿ ಹೋಗಿ ಹುಡುಗನನ್ನು ಕರೆತಂದರು. ಅವನು ಅಕ್ಕನ ಮನೆಯಲ್ಲಿ ಎರಡು ರಾತ್ರಿ ಇದ್ದ. ಅಕ್ಕ ಅವನಿಗೆ ಏನು ಹೇಳಿದಳೋ ನಾನು ಕೇಳಲಿಲ್ಲ. ಊಟ ಬಡಿಸಿ, ಹಾಸಿಗೆ ಹಾಸಿಕೊಟ್ಟಿರಬೇಕು.

ಮಾಮಿಯವರ ಆ ‘ಮಾದಿರಿ’ ಎಂಬ ಪದವನ್ನು ನಾನು ಅಂದಿನಿಂದ ಮನಸ್ಸಿನಲ್ಲಿ ತಿರುವಿ ನೋಡುತ್ತಲೇ ಇದ್ದೇನೆ. ನಮ್ಮ ‘ಮಾದರಿ’ಯ ಒಡನಾಡಿಪದ ಅದು, ಕೆಲಸದಲ್ಲಿ ನಮ್ಮ ‘ಅಂತೆ’. ಅವರು ನನ್ನನ್ನು ಮಗನೆಂದೇ ಕರೆಯಬಹುದಿತ್ತು, ಮಾತು ಇನ್ನೂ ಸವಿಯಾಗುತ್ತಿತ್ತು. ಆದರೆ ಅವರ ಮಗ ಬೇರೆ ಇದ್ದ, ಅವನು ಎಲ್ಲಿದ್ದಾನೋ ತಿಳಿಯದೆ ಅವರ ಜೀವ ತುಡಿಯುತ್ತಿತ್ತು. ನಾನು ಅವನಲ್ಲ, ಬೇರೆ ಭಾಷೆಯವನು, ಅಂದಿನ ಮಟ್ಟಿಗೆ ಎದುರು ಪಕ್ಷದವನು ಎಂಬುದನ್ನು ಅವರು ಮರೆಯಲೂ ಇಲ್ಲ, ಮರೆಮಾಚಲೂ ಇಲ್ಲ. ಅದೆಲ್ಲ ತಿಳಿದೂ ಮಗನಿಗೆ ಮಾಡುವುದನ್ನು ನನಗೆ ಮಾಡಿದರು. ‘ಅಡಿದಾವರೆ’ಯ ಪರೀಕ್ಷೆಯನ್ನು ಇಲ್ಲಿಗೂ ತನ್ನಿ: ಪದ ಏನೇ ಇರಲಿ, ಕ್ರಿಯೆ ಯಾರಿಗೆ ಸಂದಿತು ನೋಡಿ. ನನ್ನ ಮೆರವಣಿಗೆಯಲ್ಲಿ ಪದ ದೊಡ್ಡದಿತ್ತು, ಕ್ರಿಯೆ ತಾಯಿಗೂ ಸಲ್ಲಲಿಲ್ಲ, ನದಿಗೂ ಸಲ್ಲಲಿಲ್ಲ.

ಬಂಧುಗಳೆ, ಪರನಾಡಿನಲ್ಲಿ ನೆಲೆಸಿರುವ ನಾವು ನಿತ್ಯವೂ ಈ ಎರಡು ಅಲಂಕಾರಗಳ ನಡುವೆ ಬದುಕುತ್ತಿದ್ದೇವೆ. ‘ಚೆನ್ನೈಯೇ ನಮ್ಮ ಊರು’ ಎಂದು ವೇದಿಕೆಯ ಮೇಲೆ ಹೇಳುತ್ತೇವೆ. ಮನೆಗೆ ಹೋಗಿ ಊರಿನ ಬಸ್ಸಿಗೆ ಟಿಕೆಟು ಕಾದಿರಿಸುತ್ತೇವೆ. ಇದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ‘ಈ ಊರು ನಮಗೆ ತವರಿನ ಹಾಗೆ’ ಎಂದರೆ ತವರು ಬೇರೆ ಇದೆಯೆಂಬ ಸತ್ಯವೂ ಉಳಿಯಿತು, ಈ ಊರಿಗೆ ಸಲ್ಲಬೇಕಾದ ಪ್ರೀತಿಯೂ ಸಂದಿತು. ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು ಮುಂದೊಂದು ದಿನ ‘ಹಾಗೆ’ಯನ್ನು ಬಿಟ್ಟು, ಇದೇ ನಮ್ಮ ಊರು ಎಂದಾರು. ಅವರಿಗೆ ಅದು ರೂಪಕವೂ ಆಗಿರದೆ ಬರಿಯ ಸತ್ಯವಾಗಿರುತ್ತದೆ; ನಾವು ತಡೆಯಬಾರದು.

ರೂಪಕವನ್ನು ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ಬಸವಣ್ಣನವರನ್ನೂ ಕುಮಾರವ್ಯಾಸನನ್ನೂ ಓದಿದ ಭಾಷೆಯವರು ಅದನ್ನು ಹೇಗೆ ಬಿಟ್ಟಾರು? ನನ್ನ ವಿನಂತಿ ಇಷ್ಟೆ. ಒಂದು ರೂಪಕವನ್ನು ಕೂಗುವ ಮೊದಲು ಅದರ ಬೆಲೆಯನ್ನು ತೆರುವವರು ಯಾರೆಂದು ಕೇಳಿಕೊಳ್ಳೋಣ. ನಾವೇ ತೆರುವುದಾದರೆ ಧೈರ್ಯವಾಗಿ ಹೇಳೋಣ. ನೆರೆಯವರು ತೆರಬೇಕಾದೀತೆಂದು ಕಂಡರೆ ಒಂದು ‘ಅಂತೆ’ಯನ್ನು ಸೇರಿಸೋಣ. ಎರಡಕ್ಷರವೇ, ಅದರಿಂದ ಕನ್ನಡ ಬಡವಾಗುವುದಿಲ್ಲ.

ಮಾಮಿಯವರು ಈಗಿಲ್ಲ. ಅವರ ಮಗ ಬೆಂಗಳೂರಿನಲ್ಲಿಯೇ ಇದ್ದಾನೆ. ಹಬ್ಬಗಳಲ್ಲಿ ಅಕ್ಕನ ಮನೆಗೆ ಬರುತ್ತಾನೆ. ಮೊನ್ನೆ ಅಕ್ಕ ಫೋನಿನಲ್ಲಿ ಅವನ ಸುದ್ದಿ ಹೇಳುತ್ತ ‘ನಮ್ಮ ತಮ್ಮ ಬಂದಿದ್ದ’ ಎಂದಳು. ನಾನು ಇಲ್ಲಿರುವಾಗ ಅಲ್ಲಿಗೆ ಬಂದ ತಮ್ಮ ಯಾರೆಂದು ಅರ್ಥಮಾಡಿಕೊಳ್ಳಲು ನನಗೆ ಒಂದು ಕ್ಷಣ ಹಿಡಿಯಿತು.